ಇಪ್ಪತ್ತೊಂದನೆಯದು

ಶಿಡ್ಲಘಟ್ಟದ ಈ ಓಣಿಗೆ ನಾನು ಬರುವುದು
ಕಾಯಿಲೆ ಬಿದ್ದವರ ಮೂರನೇ ತಿಂಗಳಿಗೊಮ್ಮೆ, ಆರಕ್ಕೊಮ್ಮೆ,
ವರ್ಷ ತುಂಬಿದಾಗ ಇನ್ನೊಮ್ಮೆ.
ಚೀಲದಲ್ಲಿ ಹಿಡಿತ ಅಳೆಯುವ ಯಂತ್ರ, ಟೇಪು,
ಇಪ್ಪತ್ತು ಪ್ರಶ್ನೆಯ ನಮೂನೆ.
ಮಕ್ಕಳು ಕೂಗುತ್ತವೆ: ಬರ್ಕೊಳೋ ಮೇಡಂ ಬಂದ್ರು!

ಖಮರುನ್ನಿಸಾ, ಐವತ್ತೆರಡು, ರೇಷ್ಮೆ ಬಿಚ್ಚುವ ಕೆಲಸ.
ಪಾರ್ಶ್ವವಾಯು, ಬಲಭಾಗ. ರಂಜಾನಿನ ಮೊದಲ ವಾರ
ಸಹರಿಗೆ ಎದ್ದವಳು ಲೋಟ ಎತ್ತಲು ಹೋದರೆ
ಲೋಟ ಇದ್ದಲ್ಲೇ ಇತ್ತಂತೆ.
'ಕೈ ಯಾರದೋ ಆಗಿತ್ತು' ಅಂದಳು, ಮಾತು ಮರಳಿದ ಮೇಲೆ.
ಅಷ್ಟು ಬರೆಯಲು ಜಾಗವಿರಲಿಲ್ಲ.
'ಬಲಹೀನತೆ, ತೀವ್ರ' ಎಂದು ಬರೆದುಕೊಂಡೆ.

ಮೂರನೇ ತಿಂಗಳು ಹಿಡಿತ ನಾಲ್ಕು ಕೆಜಿ.
ಆರನೇ ತಿಂಗಳು ಹನ್ನೊಂದು.
ಹತ್ತು ಮೀಟರ್ ನಡಿಗೆ, ಹದಿನಾಲ್ಕು ಸೆಕೆಂಡು.
ಅಷ್ಟುದ್ದದ ಮನೆ ಆ ಓಣಿಯಲ್ಲಿ ಒಂದೂ ಇಲ್ಲ;
ಮಸೀದಿ ಗೋಡೆಯ ಪಕ್ಕ ಸೀಮೆಸುಣ್ಣದ ಎರಡು ಗೀಟು ಎಳೆದು
ನಡೆಸಿದೆ. ಒಂದು ಮೇಕೆಮರಿಯೂ ನಡೆಯಿತು.
ರವಿಕೆ ಹುಕ್ಕು? ಹಾಕ್ತೀನಿ.
ತಲೆ ಬಾಚೋದು? ಎಡಗೈಲಿ.
ರೊಟ್ಟಿ? 'ಗುಂಡಗೆ ಬರಲ್ಲ. ಹಸಿದೋರಿಗೆ ಗುಂಡಗೆ ಯಾಕಮ್ಮ?'
ಒಟ್ಟು ನೂರಕ್ಕೆ ಎಂಬತ್ತಾರು.
ಚೇತರಿಕೆ: ಉತ್ತಮ.
ಖುಷಿಗೆ ಆ ಪದದ ಕೆಳಗೊಂದು ಗೆರೆ ಎಳೆದೆ.

ಚಹಾ ಕೊಡುವಾಗ ಕಂಡಿತು:
ಬಲಗೈಯ ನಾಲ್ಕು ಬೆರಳಿಗೂ ಬೊಬ್ಬೆ,
ಹಳೆಯದರ ಮೇಲೆ ಹೊಸದು, ಸುಲಿದ ತೊಗಲು
ಬೆಂದ ಗೂಡಿನ ಹಾಗೆ ಬಿಳಿ.
ಹಿಡಿತ ಅಳೆಯುವಾಗ ನಾನು ನೋಡಿದ್ದು
ಯಂತ್ರದ ಮುಳ್ಳನ್ನು.

ನೋವಿಲ್ಲವಾ ಎಂದೆ.
'ಅದೇ ಇಲ್ಲ ನೋಡು. ಮೂವತ್ತು ವರ್ಷ
ನೀರಿನ ಹದ ಹೇಳಿದ್ದು ಈ ಬೆರಳು.
ಜಾಸ್ತಿ ಕಾದ್ರೆ ಬರೀ ಜುಟ್ಟು, ಕಮ್ಮಿಯಾದ್ರೆ ಗೂಡು ಬಿಚ್ಚಲ್ಲ.
ಈಗ ಕಣ್ಣಲ್ಲೇ ಹುಡುಕ್ತೀನಿ. ಎಳೆ ಸಿಗ್ತದೆ,
ಬಿಸಿ ಸಿಗಲ್ಲ.
ಪಕ್ಕದ ಬೇಸಿನ್ನಿನ ಹುಡುಗೀರು ಅಂತಾವೆ,
ನಸೀಬು ಖಾಲಾ ನಿಮ್ದು, ಕೈ ಸುಡಲ್ಲ!'
ನಕ್ಕಳು.

ನಾನು ನಮೂನೆಯನ್ನು ಹಿಂದೆ ಮುಂದೆ ತಿರುವಿದೆ.
ಬಿಸಿ ಎಂಬ ಪದ ಎಲ್ಲೂ ಇಲ್ಲ.
ನಲ್ಲಿ ತಿರುಗಿಸಿದರೆ ಹದವಾದ ನೀರು ಬರುವ
ಯಾವುದೋ ಊರಲ್ಲಿ ಕೂತು ಬರೆದಿರಬೇಕು.
ಎಂಬತ್ತಾರು ಸುಳ್ಳೂ ಅಲ್ಲ, ಅಳಿಸುವಂತಿಲ್ಲ.
ಅಂಚಿನಲ್ಲಿ ಓರೆಯಾಗಿ ಬರೆದೆ: ಕೈ ನೋಡಬೇಕು.

ತಿಂಗಳ ಸಭೆಯಲ್ಲಿ ಡಾಕ್ಟರ್ ಗಂಗರತ್ನ
ಆ ಓರೆ ಸಾಲಿಗೇ ಬೆರಳಿಟ್ಟರು.
'ಉತ್ತಮ ಅಂತ ಬರೆದವರು ಎಷ್ಟು ಜನ?'
ನಲವತ್ತೊಂದು.
'ಎಲ್ಲರ ಮನೆಗೂ ಇನ್ನೊಂದು ಸಲ ಹೋಗಿ.'

ಬೈಕೊಂಡೇ ಹೋದೆ. ಬಿಸಿಲು, ಸ್ಕೂಟರಿನ ಚಕ್ರ ಬೇರೆ ಪಂಚರು.
ಆರು ಕೈ ಸಿಕ್ಕವು.
ಬಜ್ಜಿ ಕರಿಯುವ ಪಿಳ್ಳಪ್ಪನದು,
ಇಸ್ತ್ರಿ ಗಾಡಿಯ ಚಿನ್ನಪ್ಪಯ್ಯನದು.
ಒಬ್ಬಜ್ಜಿಗೆ ಕೈಯಲ್ಲ, ಪಾದ; ಸ್ನಾನದ ನೀರು.
ಹುಯ್ದ ಮಗಳಿಗೆ ನಾನು ತೋರಿಸುವವರೆಗೂ ಗೊತ್ತಿಲ್ಲ.
ಅವಳು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಈಗ ನಮೂನೆಯ ಕೊನೆಗೆ ಕೈಬರಹದ ಒಂದು ಸಾಲು,
ಝೆರಾಕ್ಸಿನಲ್ಲಿ ಸ್ವಲ್ಪ ಸೊಟ್ಟ:
ಬಿಸಿ ತಿಳಿಯುತ್ತದೆಯೇ? ಯಾವ ಕೈಗೆ?

ವರ್ಷ ತುಂಬಿದ ಬೆಳಗ್ಗೆ ಖಮರುನ್ನಿಸಾಳ ಬೇಸಿನ್ನಿನ ಮುಂದೆ ಕೂತೆ.
ನಾನು ಕೊಟ್ಟ ಜಾಲರಿ ಸೌಟು ಗೂಟಕ್ಕೆ ನೇತಾಡುತ್ತಿತ್ತು.
'ಅದಕ್ಕೇನು ಗೊತ್ತು ಎಳೆ?'
ಎಡಮೊಣಕೈ ತಂದು ನೀರಿಗೆ ತಾಗಿಸಿದಳು,
ಕೂಸಿನ ಎಣ್ಣೆಸ್ನಾನಕ್ಕೆ ನೋಡುವ ಹಾಗೆ.
ಒಂದು ಚೊಂಬು ತಣ್ಣೀರು ಸುರಿದಳು. ಮತ್ತೆ ಮೊಣಕೈ.
ಆಮೇಲೆ ಬಲಗೈ.
ಬೊಬ್ಬೆ ಒಂದೇ, ಒಣಗುತ್ತಿದೆ.

ಅಂಕ ಈ ಸಲವೂ ಎಂಬತ್ತಾರು.
'ಪಾಸಾ?' ಎಂದಳು.
ಉತ್ತರಕ್ಕೆ ಕಾಯಲಿಲ್ಲ. ಎಳೆ ಸಿಕ್ಕಿತ್ತು.
ಹಬೆಯಾಚೆ ಚರಕದವನಿಗೆ ಕೂಗಿದಳು:
ತಿರುಗ್ಸೋ!