ದೊಡ್ಡ ಒಲೆಯ ಲೆಕ್ಕ

ತಿಂಗಳಿಗೊಮ್ಮೆ ನಡುರಾತ್ರಿ
ನಮ್ಮ ಬೀದಿಯಲ್ಲಿ ವಿಮಾನ ಹಾದುಹೋಗುತ್ತಿತ್ತು,
ಹಾರುತ್ತ ಅಲ್ಲ,
ತುಂಡುತುಂಡಾಗಿ, ಲಾರಿಗಳ ಮೇಲೆ ಮಲಗಿ,
ಮನುಷ್ಯ ನಡೆವ ವೇಗದಲ್ಲಿ.

ಗಾಸ್ಕನಿಯ ಹಳ್ಳಿ. ಬೀದಿ ಕಟ್ಟಿದವರು
ಹುಲ್ಲಿನ ಗಾಡಿಗಿಂತ ದೊಡ್ಡದನ್ನು ಕಂಡವರಲ್ಲ.
ರೆಕ್ಕೆಗೂ ಮದಾಂ ಲಕಾಜಳ ಹೂಕುಂಡಕ್ಕೂ ನಡುವೆ
ಒಂದೇ ಗೇಣು.
ಕುಂಡ ಒಳಗಿಡಿ ಎಂದರೆ ಅವಳು
"ಅದೇ ಜರುಗಲಿ, ನಾನು ಮೊದಲು ಬಂದವಳು."

ಅಪ್ಪ ಬ್ರೆಡ್ಡು ಸುಡುವವನು.
ಆ ರಾತ್ರಿಗಳಲ್ಲಿ ಬೇಗನೆ ಒಲೆ ಹೊತ್ತಿಸಿ
ನೋಡಬಂದವರಿಗೆ ಬಿಸಿಬಿಸಿ ಮಾರಿದ.
ಎರಡನೇ ವರ್ಷ ಅಜ್ಜನ ಒಲೆ ಒಡೆಸಿ
ಮುನ್ನೂರು ಹಿಡಿಯುವ ಒಲೆ ಕಟ್ಟಿಸಿದ.
ಬೀದಿಯ ಹುಚ್ಚು ಮನೆಯೊಳಗೂ ಬಂದಿತ್ತು:
ದೊಡ್ಡದಾದಷ್ಟೂ ತಲೆಗೆ ಖರ್ಚು ಕಡಿಮೆ.

ನಿಜ.
ತುಂಬಿದರೆ ನಿಜ.
ಮುನ್ನೂರು ಬೆಂದರೆ ಒಂದೊಂದರ ಪಾಲಿಗೆ ಒಂದು ಚಕ್ಕೆ ಸೌದೆ.
ನೂರೇ ಬೆಂದ ದಿನವೂ
ಒಲೆ ಕೇಳುವುದು ಮುನ್ನೂರರ ಸೌದೆಯನ್ನೇ.
ಕೆಂಡಕ್ಕೆ ಗಿರಾಕಿಗಳನ್ನು ಎಣಿಸಲು ಬರುವುದಿಲ್ಲ.

ಈಗ ನಾನು ತಾರ್ಬ್‌ನ ಬಯಲಿನಲ್ಲಿ
ಅಂಥದೇ ಒಂದನ್ನು ಬಿಚ್ಚುತ್ತಿದ್ದೇನೆ. ಹನ್ನೊಂದು ವರ್ಷ ಪ್ರಾಯ.
ನಾಲ್ಕು ಎಂಜಿನ್ನು ಮೊದಲ ವಾರವೇ ಹೋದವು;
ಇಡಿಗಿಂತ ಬಿಡಿಗೆ ಬೆಲೆ.
ಇದ್ದಾಗ ಮೇವಿಗೇ ಸಾಲದ ಆನೆ
ಸತ್ತ ಮೇಲೆ ಸಾವಿರ.

ನನ್ನ ಪಾಲಿಗೆ ಸೀಟುಗಳು: ಐನೂರ ಹದಿನೇಳು.
ಕಿಟಕಿ ಬದಿಯವು ಸವೆದು ನುಣುಪಾಗಿವೆ,
ಅವುಗಳ ಸಂದಿಯಲ್ಲಿ ಮಗುವಿನ ಕಾಲುಚೀಲ,
ಮೂರು ದೇಶದ ಚಿಲ್ಲರೆ, ಒಣಗಿದ ಆಲಿವ್ ಬೀಜ.
ಮೇಲಂತಸ್ತಿನ ಕೊನೆಗೆ, ನಡುವಿನ ಒಂದು ಸೀಟಿನ ಬಟ್ಟೆ ಮಾತ್ರ
ಅಂಗಡಿಯ ಬಣ್ಣದಲ್ಲೇ ಇದೆ.
ಸಂದಿಯಲ್ಲಿ ಏನೂ ಇಲ್ಲ.
ನಷ್ಟವೆಂಬುದನ್ನು ಅಂದು ಕೈಯಿಂದ ಮುಟ್ಟಿದೆ:
ಒರಟಾಗಿತ್ತು, ಹೊಸದಾಗಿತ್ತು.

ಮೇಸ್ತ್ರಿ ಎಚೆಪಾರ್ ಸ್ಪ್ಯಾನರ್ ಒರೆಸುತ್ತ ಹೇಳಿದ:
"ತಪ್ಪು ಇದರದ್ದಲ್ಲ ಮಾರ್ಯಾನ್.
ಇದು ರಾತ್ರಿಗೊಮ್ಮೆ, ಊರಿಗೆ ಊರನ್ನೇ ಕರೆಯುತ್ತಿತ್ತು.
ಒಬ್ಬನಿಗೆ ಬೆಳಿಗ್ಗೆ ಹೊರಡಬೇಕು, ಇನ್ನೊಬ್ಬಳಿಗೆ ಮಧ್ಯಾಹ್ನ.
ಸಣ್ಣವು ದಿನಕ್ಕೆ ಮೂರು ಸಲ ಬಂದು ಕರೆದೊಯ್ದವು."

ಆ ಸೀಟನ್ನು ಗರಗಸದಲ್ಲಿ ಬಿಡಿಸಿ
ಇಪ್ಪತ್ತು ಯೂರೋ ಕೊಟ್ಟು ಊರಿಗೆ ತಂದೆ.

ಅಪ್ಪ ಒಲೆಯ ಅರ್ಧಕ್ಕೆ ಇಟ್ಟಿಗೆಯ ಗೋಡೆ ಎಬ್ಬಿಸಿದ್ದಾನೆ.
ಆಚೆಯ ಅರ್ಧದ ಬೆಚ್ಚನೆಯಲ್ಲಿ
ಬೆಕ್ಕು ಬಾಡಿಗೆಯಿಲ್ಲದೆ ಮಲಗುತ್ತದೆ.
ಸೀಟಿನಲ್ಲಿ ಕೂತ, ಪಟ್ಟಿ ಬಿಗಿದ,
ಹಿಟ್ಟು ಮೆತ್ತಿದ ಕೈಯನ್ನು ಆಸರೆಯ ಮೇಲಿಟ್ಟು ಕೇಳಿದ:
"ಯಾರೂ ಕೂತೇ ಇರಲಿಲ್ಲವೆ?"

ಇಲ್ಲ ಅನ್ನಿಸುತ್ತದೆ. ಅಕ್ಕಪಕ್ಕದವರು
ಕೋಟು ಇಟ್ಟು, ಮೊಣಕೈ ಅಗಲಿಸಿ
ಸಮುದ್ರ ದಾಟುವವರೆಗೂ ನಿದ್ದೆ ಹೊಡೆದಿರಬೇಕು.

"ಹಾಗಾದರೆ ಪೂರ್ತಿ ದಂಡವಲ್ಲ,"
ಎಂದ ಅಪ್ಪ, ಮೂರು ಗಂಟೆಯ ಹಿಟ್ಟು ನೋಡಲು
ದಡಬಡಿಸಿ ಏಳಹೋದ,
ಪಟ್ಟಿ ಬಿಚ್ಚುವುದನ್ನು ಮರೆತು.