ಡ್ರೈವರನ ಹಿಂದಿನ ಗಾಜು

ಎಸ್ಟೇಟ್ ಬಂಗಲೆಯ ಸಾಮಾನು ಹರಾಜಾದ ದಿನ
ಯಾರೂ ಕೂಗದೆ ಬಿಟ್ಟದ್ದನ್ನು ಮೊಯಿದು ತಂದ:
ಗೇಣುದ್ದದ ತಗಡಿನ ಬಸ್ಸು, ಮೇಲೊಂದು ಮಾಳಿಗೆ,
ಹಣೆಯಲ್ಲಿ ಇರುವೆಯಕ್ಷರ – ಅಬರ್ಡೀನ್.

ವಿರಾಜಪೇಟೆ–ಮಾಕುಟ್ಟ, ಮೂವತ್ತೊಂದು ವರ್ಷ ಓಡಿಸಿದವನು.
ಆಟಿಕೆ ನೋಡುವ ಕಣ್ಣಲ್ಲ ಅದು.
ಬೋರಲು ಹಾಕಿ ಆಕ್ಸಲ್ ತಡವಿದ,
ಊದಿ ಧೂಳು ಹಾರಿಸಿದ,
ಮೇಲಿನ ನಡುದಾರಿ ಒಂದೇ ಪಕ್ಕಕ್ಕೆ ಸರಿದು
ಕೆಳಕ್ಕೆ ತಗ್ಗಿರುವುದ ಕಂಡು
"ಓ, ಗಿಡ್ಡ ಸೇತುವೆಗಳ ಊರು," ಅಂದ,
"ಕೆಳಗೆ ಕೂತು ಏಳುವವನ ತಲೆಗೆ ದಿನಾ ಏಟು."
ನಕ್ಕ. ನಮ್ಮ ಸಿಲ್ವರ್ ಓಕ್ ಕೊಂಬೆಗಳಾದರೆ
ಪೆರುಂಬಾಡಿ ಮುಟ್ಟುವುದರೊಳಗೆ
ಮಾಳಿಗೆಯನ್ನೇ ಸುಲಿದು ಕೊಡುತ್ತಿದ್ದವಂತೆ.

ಬಿದ್ದುಹೋದ ದೀಪದ ಜಾಗಕ್ಕೆ
ಒಂದು ಬಿಳಿಮೆಣಸು ಅಂಟಿಸಿದ.

ಆಮೇಲೆ ಬಹಳ ಹೊತ್ತು ಮುಂದಿನ ಗೂಡನ್ನೇ ನೋಡಿದ.
ಎಂಜಿನ್ನಿನ ಪಕ್ಕ ಒಬ್ಬನಿಗಷ್ಟೇ ಜಾಗ.
ಬೇರೆ ಬಾಗಿಲು. ಬೆನ್ನಿಗೆ ಗಾಜು, ಮುಚ್ಚಿದ್ದು.
ಇವನ ಬಾನೆಟ್ ಮೇಲೆ ಯಾರು ತಾನೇ ಕೂತಿರಲಿಲ್ಲ!
ದಿನ ತುಂಬಿದ ಚೋಂದಮ್ಮ,
ಇರಿಟ್ಟಿಯ ಮತ್ತಿಮೀನಿನ ಬುಟ್ಟಿ,
ಜಮ್ಮಾ ಜಾಗದ ಜಗಳದ ಎರಡೂ ಕಡೆಯವರು
ಒಂದೇ ಟ್ರಿಪ್ಪಿನಲ್ಲಿ, ಮೊಣಕಾಲಿಗೆ ಮೊಣಕಾಲು.

"ಪಾಪ, ಇವನಿಗೆ ಸುದ್ದಿ ಯಾರು ಹೇಳ್ತಿದ್ರು?"

ಆಗೆಲ್ಲ ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದ
ಅವನ ಕ್ಲೀನರ್ ನಾನು. ಏನು ಹೇಳಲಿ?
ರೈಟ್, ಹೋಲ್ಡಾನ್ – ನನಗೆ ಗೊತ್ತಿದ್ದ ಮಾತು ಎರಡೇ.

ಬೀಡಿ ಆರಿತು.
ದಬ್ಬಣ ಕೆಂಪಗೆ ಕಾಯಿಸಿ
ಆ ಗಾಜಿಗೊಂದು ತೂತು ಕೊರೆದ.
ಪ್ಲಾಸ್ಟಿಕ್ ಸುಟ್ಟ ವಾಸನೆ
ನಾನು ಎದ್ದು ಹೊರಟಾಗಲೂ
ಅವನ ಜಗಲಿಯಲ್ಲೇ ಇತ್ತು.