ನಮೂನೆಯ ಖಾನೆ

ಶಿಡ್ಲಘಟ್ಟದ ಅಂಚೆ ಕಚೇರಿಯಲ್ಲಿ
ಎರಡನೇ ಕಿಟಕಿ ಅಪ್ಪನದು.
ಮೇಲೆ ಸೀಮೆಸುಣ್ಣದಲ್ಲಿ ‘ರೇಡಿಯೊ ಲೈಸೆನ್ಸು’,
ಕೊನೆಯ ‘ಸು’ ಯಾವಾಗಲೂ ಅಳಿಸಿರುತ್ತಿತ್ತು.

ಮನೆಯದಕ್ಕೆ ಹದಿನೈದು ರೂಪಾಯಿ,
ಅಂಗಡಿಯದಾದರೆ ಜಾಸ್ತಿ.
ಸ್ಟಾಂಪು ಹಚ್ಚಿ ಠಪ್ಪನೆ ಮುದ್ರೆ ಒತ್ತಿದರೆ
ಒಂದು ವರ್ಷ
ಆಕಾಶ ನಿಮ್ಮದು.

ಪ್ಯಾರೇಜಾನ್ ಸಾಬರು ಬಂದದ್ದು ಗಡುವು ಮುಗಿದ ಮೇಲೆ,
ಬೆರಳ ತುದಿಯೆಲ್ಲ ಬೆಂದು ಬಿಳಿಚಿ,
ಅಂಗಿಯಲ್ಲಿ ಬೇಯಿಸಿದ ಹುಳುವಿನ ವಾಸನೆ.
“ರೇಡಿಯೊ ಎಲ್ಲಿಟ್ಟಿದ್ದೀರಿ?”
“ಫಿಲೇಚರಲ್ಲಿ ಸಾಮಿ, ಒಲೆ ಮೇಲಿನ ಗೂಡಲ್ಲಿ.”
“ಕೇಳೋರು?”
“ಹನ್ನೆರಡು ಹೆಂಗಸ್ರು. ಅದಿಲ್ದಿದ್ರೆ
ಮಧ್ಯಾಹ್ನ ತೂಕಡಿಸಿ ಬಿಸಿನೀರಿಗೆ ಕೈ ಬೀಳ್ತದೆ.”

ಅಪ್ಪ ಪೆನ್ನಿನ ಹಿಂಬದಿ ಕಚ್ಚಿದರು.
ನಮೂನೆಯಲ್ಲಿ ಎರಡೇ ಖಾನೆ: ಮನೆ, ವ್ಯಾಪಾರ.
ನಿದ್ದೆ ತಡೆಯುವುದಕ್ಕೆ ಖಾನೆ ಇರಲಿಲ್ಲ.
“ನೀವು ಮಲಗೋದೆಲ್ಲಿ?”
“ಅಲ್ಲೇ, ನೂಲಿನ ಮೂಟೆ ಕಾಯೋಕೆ.”
‘ಮನೆ’ ಎಂದು ಬರೆದರು. ದಂಡದ ಒಂದು ರೂಪಾಯಿ
ತಮ್ಮ ಜೇಬಿನಿಂದಲೇ ಹಾಕಿ,
ಆ ರೂಪಾಯಿಯ ಕಥೆಯನ್ನು
ಸಾಯುವ ತನಕ ಅಮ್ಮನಿಗೆ ಹೇಳಿದರು.

ಲೈಸೆನ್ಸು ಹೋಯಿತು. ಕೇಳುವವರಿಗೆ ಈಗ ಪುಸ್ತಕವಿಲ್ಲ,
ಪುಸ್ತಕ ನನಗೆ.
ಗೂಡಿನ ಮಾರುಕಟ್ಟೆಯ ಹಿಂದೆ ಮಹಡಿಯ ಎರಡು ಕೋಣೆ,
ಗೋಡೆಗೆಲ್ಲ ಮೊಟ್ಟೆಯ ಟ್ರೇ,
ಐವತ್ತು ವಾಟಿನ ಸಮುದಾಯ ಬಾನುಲಿ.
ಜಾಹೀರಾತು ಗಂಟೆಗೆ ಇಷ್ಟೇ ನಿಮಿಷ;
ಸರ್ಕಾರದಿಂದ ಬರಬೇಕಾದ ಹಣ ಏಳು ತಿಂಗಳಿಂದ
‘ಪರಿಶೀಲನೆಯಲ್ಲಿದೆ’.
ಹಾಡಬಹುದು, ಹರಟಬಹುದು, ಮೋಡ ಕವಿದಿದೆ ಅನ್ನಬಹುದು,
ನಮ್ಮ ಬಾಯಿಂದ ಸುದ್ದಿ ಮಾತ್ರ ಬರಕೂಡದು.

ಮೊನ್ನೆ ಮಂಗಳವಾರ ಬಾಯ್ಲರು ಸಿಡಿದು
ನಗೀನಾಳ ಎರಡೂ ಕೈ...

ಮೈಕಿನ ಕೆಂಪು ದೀಪ ಹತ್ತಿತ್ತು.
ಸಿಡಿದದ್ದು ಸುದ್ದಿ.
ಯಾರ ಫಿಲೇಚರು ಎಂಬುದು ಸುದ್ದಿ.
ಹೋದ ವರ್ಷವೂ ಅಲ್ಲೇ ಸಿಡಿದಿತ್ತು ಎಂಬುದು,
ಅದನ್ನಂತೂ ಕೇಳಲೇಬೇಡಿ.

ಗಂಟಲು ಸರಿಮಾಡಿಕೊಂಡೆ.
“ಕೇಳುಗರ ಗಮನಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ
ಬಿ ಪಾಸಿಟಿವ್ ರಕ್ತ ಬೇಕಾಗಿದೆ.
ಫಿಲೇಚರಿನವರು ದಯವಿಟ್ಟು
ತಮ್ಮ ಬಾಯ್ಲರಿನ ಮುಳ್ಳು ಒಮ್ಮೆ ನೋಡಿಕೊಳ್ಳಿ.
ಇದು ಪ್ರಕಟಣೆ.”

ಹಾಡು ಹಾಕಿ ದಿನದ ಪುಸ್ತಕ ಬಿಡಿಸಿದೆ.
‘ವಿಷಯ’ ಎಂಬ ಖಾನೆಯೆದುರು
ಪೆನ್ನಿನ ಹಿಂಬದಿ ನನ್ನ ಹಲ್ಲಿನಲ್ಲಿತ್ತು.

ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು.
ಹತ್ತೋ ಹನ್ನೆರಡೋ ಹೆಂಗಸರು, ಕೈಯೆಲ್ಲ ಇನ್ನೂ ಒದ್ದೆ.
“ರಕ್ತ ಎಲ್ಲಿ ಕೊಡ್ಬೇಕು ಮೇಡಂ?
ರೇಡಿಯೋದಾಗೆ ಈಗ ಯೋಳಿದ್ರಲ್ಲ,
ನಗೀನಾ ಸುದ್ದಿ.”

ಹೆಸರು ನಾನು ಹೇಳಿರಲೇ ಇಲ್ಲ.